ವರದಿಯಲ್ಲಿ ಕಾಣದ ನೋವು: ಮೂತ್ರಕೋಶದ ಒಳಪೊರೆ ಜಿನುಗತೊಡಗಿದಾಗ

ಕಾಯಿಲೆಗಳಲ್ಲಿ ನಾಲ್ಕು ಜನರೆದುರು ಹೇಳಿಕೊಳ್ಳುವಂಥವು ಕೆಲವು, ಮನೆಯವರೊಡನೆ ಹೇಳಿಕೊಳ್ಳಲೂ ಸಂಕೋಚಪಡುವಂಥವು ಕೆಲವು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳ ವಿಚಾರವನ್ನು ಬಸದಿಯ ಜಗಲಿಯ ಮೇಲೆ ಕುಳಿತು ಮಾತನಾಡುತ್ತೇವೆ. ಮೂತ್ರಕ್ಕೆ ಸಂಬಂಧಿಸಿದ ನೋವನ್ನು ಮಾತ್ರ, ಅದರಲ್ಲೂ ನಮ್ಮ ಹೆಣ್ಣುಮಕ್ಕಳು, ವರ್ಷಗಟ್ಟಲೆ ಯಾರಿಗೂ ಹೇಳದೆ ನುಂಗಿಕೊಂಡು ಓಡಾಡುತ್ತಾರೆ. ವೈದ್ಯರ ಬಳಿಗೆ ಹೋದವರಿಗೂ “ವರದಿಯೆಲ್ಲ ಸರಿಯಾಗಿದೆ, ನಿಮಗೇನೂ ಇಲ್ಲ” ಎಂಬ ಉತ್ತರ ಸಿಗುವುದುಂಟು. ಏನೂ ಇಲ್ಲದಿದ್ದರೆ ಈ ನೋವು ಎಲ್ಲಿಂದ ಬಂತು? ಈ ತಿಂಗಳು ವಾಚಕರೊಡನೆ ಆ ಪ್ರಶ್ನೆಯನ್ನೇ ವಿಚಾರಿಸಬೇಕೆಂದಿದ್ದೇವೆ. ನಮ್ಮ ಮನೆಯಲ್ಲೇ ಅನುಭವಿಸಿದ ಸಂಗತಿ ಇದಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇವೆ.

ನೆಗಮಂ ದಾರಿಯಲ್ಲಿ

ನಮ್ಮದು ಮೈಸೂರಿನಲ್ಲಿ ಸೀರೆ ವ್ಯಾಪಾರ. ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯಲ್ಲಿ, ಪೊಳ್ಳಾಚಿಯ ಸಮೀಪದ ನೆಗಮಂ ಊರಿನ ಹತ್ತಿ ಸೀರೆಗಳನ್ನು ನಮ್ಮ ಅಂಗಡಿಯಲ್ಲಿ ಮೊದಲಿನಿಂದಲೂ ಇಡುತ್ತೇವೆ. 2023ರಲ್ಲಿ ಈ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತ ಮೇಲೆ ಕೇಳುವವರು ಇನ್ನೂ ಹೆಚ್ಚಾಗಿದ್ದಾರೆ. ಅಲ್ಲಿನ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡ ಕೇಳಿಬರುತ್ತದೆ. ಸೀರೆಯ ಆಯ್ಕೆಯಲ್ಲಿ ನಮ್ಮ ಅತ್ತಿಗೆಯವರ ಕಣ್ಣು ಚುರುಕು. ಹಾಗಾಗಿ ಅವರು ನಮ್ಮೊಂದಿಗೆ ವರ್ಷಕ್ಕೆ ಎರಡು ಸಲವಾದರೂ ಬರುತ್ತಿದ್ದರು.

ಆರೇಳು ವರ್ಷಗಳ ಹಿಂದೆ ಅವರು ಬರುವುದನ್ನು ಕಡಿಮೆ ಮಾಡಿದರು. ಕಾರಣ ಕೇಳಿದರೆ ಮನೆಗೆಲಸ ಎನ್ನುತ್ತಿದ್ದರು. ಕೊನೆಗೊಮ್ಮೆ ನಮ್ಮ ಒತ್ತಾಯಕ್ಕೆ ಹೊರಟರು. ಬೆಳಿಗ್ಗೆಯಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಚಾಮರಾಜನಗರ ದಾಟಿ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತ್ತು. ಗಾಡಿ ನಿಲ್ಲಿಸಿ ಎನ್ನಲೂ ಸಂಕೋಚ. ಹೇಗೋ ತಡೆದುಕೊಂಡು ನೆಗಮಂ ಮುಟ್ಟಿದರು. ಅಲ್ಲಿ ನೇಕಾರರ ಮನೆಯ ಹಿರಿಯಮ್ಮ ಅವರ ಸ್ಥಿತಿ ನೋಡಿ, “ಉಷ್ಣ ಆಗಿದೆ ಅಮ್ಮಾ, ಎಳನೀರು ಕುಡಿಯಿರಿ, ತಣ್ಣಗಾಗುತ್ತೆ” ಎಂದು ಪ್ರೀತಿಯಿಂದ ಎರಡು ಎಳನೀರು ಕೆತ್ತಿಸಿ ಕೊಟ್ಟರು. ಪೊಳ್ಳಾಚಿ ಸೀಮೆ ತೆಂಗಿನ ನಾಡು, ಎಳನೀರಿಗೆ ಬರವಿಲ್ಲ. ಆದರೆ ಆ ರಾತ್ರಿ ಅತ್ತಿಗೆಯವರಿಗೆ ಉರಿ ತಣಿಯಲಿಲ್ಲ, ಇಮ್ಮಡಿಯಾಯಿತು. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಹೋದರು. ಬೆಳಗಿನ ಜಾವ ನಮ್ಮ ಮನೆಯವರ ಕೈ ಹಿಡಿದುಕೊಂಡು ಅಳುತ್ತಾ ಎಲ್ಲವನ್ನೂ ಹೇಳಿದರು.

ನಾಲ್ಕು ವರ್ಷಗಳಿಂದ ಕಿಬ್ಬೊಟ್ಟೆಯಲ್ಲಿ ಒತ್ತಿದಂಥ ನೋವು. ಮೂತ್ರ ತುಂಬುತ್ತಾ ಬಂದಂತೆ ನೋವು ಏರುತ್ತದೆ, ವಿಸರ್ಜಿಸಿದ ಮೇಲೆ ಸ್ವಲ್ಪ ಹೊತ್ತು ಇಳಿಯುತ್ತದೆ. ರಾತ್ರಿ ಐದಾರು ಬಾರಿ ಏಳಬೇಕು. ಹೋದ ಕಡೆಯಲ್ಲೆಲ್ಲ ಸೋಂಕು ಎಂದು ಆಂಟಿಬಯೋಟಿಕ್ ಕೊಟ್ಟರು. ಮೂತ್ರದ ಕಲ್ಚರ್ ಮಾಡಿಸಿದರೆ ಪ್ರತಿ ಸಲವೂ ಕ್ರಿಮಿ ಇಲ್ಲ ಎಂದೇ ವರದಿ. ಸ್ಕ್ಯಾನಿಂಗಿನಲ್ಲೂ ಏನಿಲ್ಲ. ಒಬ್ಬ ವೈದ್ಯರಂತೂ ಇದು ಮನಸ್ಸಿನ ಕಾಯಿಲೆ ಎಂದುಬಿಟ್ಟರಂತೆ. ಅಂದಿನಿಂದ ಅವರು ಬಾಯಿ ಮುಚ್ಚಿಕೊಂಡಿದ್ದರು.

ಕಾಯಿಲೆಗೆ ಹೆಸರುಂಟು

ಊರಿಗೆ ಮರಳಿದ ಮೇಲೆ ಯೂರಾಲಜಿಸ್ಟ್ ಒಬ್ಬರಿಗೆ ತೋರಿಸಿದೆವು. ಅವರು ಮುಕ್ಕಾಲು ಗಂಟೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು. “ನಿಮ್ಮ ನೋವು ನಿಜವಾದದ್ದು ಅಮ್ಮಾ, ಇದಕ್ಕೆ ಹೆಸರೂ ಇದೆ” ಎಂದರು. ಆ ಒಂದು ಮಾತಿಗೇ ಅತ್ತಿಗೆಯವರಿಗೆ ಅರ್ಧ ಭಾರ ಇಳಿದಂತಾಯಿತು.

ಹಳೆಯ ಹೆಸರು ಇಂಟರ್‌ಸ್ಟಿಶಿಯಲ್ ಸಿಸ್ಟೈಟಿಸ್. ಈ ಹೆಸರನ್ನು 1887ರಲ್ಲಿ ಅಮೆರಿಕದ ವೈದ್ಯ ಅಲೆಕ್ಸಾಂಡರ್ ಸ್ಕೀನ್ ಬಳಸಿದರು. ಬಾಲ್ಟಿಮೋರ್ ನಗರದ ಗೈ ಹನ್ನರ್ ಎಂಬ ವೈದ್ಯರು 1915ರಲ್ಲಿ, ಇಂಥ ಕೆಲವು ರೋಗಿಗಳ ಮೂತ್ರಕೋಶದೊಳಗೆ ಕೆಂಪಗಿನ ಹುಣ್ಣಿನಂಥ ಕಲೆಗಳಿರುವುದನ್ನು ವಿವರಿಸಿದರು. ಅವನ್ನು ಇಂದಿಗೂ ಹನ್ನರ್ ಹುಣ್ಣು ಎಂದೇ ಕರೆಯುತ್ತಾರೆ. ಆದರೆ ಬಹುಪಾಲು ರೋಗಿಗಳಲ್ಲಿ ಅಂಥ ಹುಣ್ಣು ಇರುವುದಿಲ್ಲ. ದುರ್ಬೀನು ಹಾಕಿ ನೋಡಿದರೂ ಒಳಗೆಲ್ಲ ಸಾಧಾರಣವಾಗಿಯೇ ಕಾಣಬಹುದು. ಆದ್ದರಿಂದ ಈಗ ಬ್ಲ್ಯಾಡರ್ ಪೇನ್ ಸಿಂಡ್ರೋಮ್, ಅಂದರೆ ಮೂತ್ರಕೋಶ ನೋವಿನ ಲಕ್ಷಣಕೂಟ, ಎಂಬ ಹೆಸರನ್ನೂ ಜೊತೆಗೆ ಬಳಸುತ್ತಾರೆ. ಸೋಂಕು ಮೊದಲಾದ ಬೇರೆ ಕಾರಣ ಯಾವುದೂ ಸಿಗದೆ, ಮೂತ್ರಕೋಶದ ನೋವು ಅಥವಾ ಒತ್ತಡ, ಅದರ ಜೊತೆಗೆ ಪದೇ ಪದೇ ಮೂತ್ರಕ್ಕೆ ಹೋಗುವ ಅವಸರ, 6 ವಾರಗಳಿಗಿಂತ ಹೆಚ್ಚು ಕಾಲ ಇದ್ದರೆ ಈ ಕಾಯಿಲೆಯನ್ನು ಯೋಚಿಸಬೇಕು ಎಂಬುದು ಅಮೆರಿಕದ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ. ಹೆಂಗಸರಲ್ಲಿ ಇದು ಹೆಚ್ಚು. ಗಂಡಸರಲ್ಲೂ ಉಂಟು, ಆದರೆ ಅವರಲ್ಲಿ ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಎಂದು ತಿಳಿಯುವುದರಿಂದ ಪತ್ತೆ ಇನ್ನಷ್ಟು ತಡವಾಗುತ್ತದೆ.

ಒಳಪೊರೆ ಎಂಬ ಕಾವಲು

ಇನ್ನು ಮೂಲ ಪ್ರಶ್ನೆಗೆ ಬರೋಣ. ಕ್ರಿಮಿ ಇಲ್ಲ, ಕಲ್ಲಿಲ್ಲ, ಗಡ್ಡೆ ಇಲ್ಲ. ಹಾಗಾದರೆ ಉರಿ ಏಕೆ?

ಮೂತ್ರವೆಂದರೆ ನಮ್ಮ ರಕ್ತವು ಬೇಡವೆಂದು ಹೊರಹಾಕಿದ ಲವಣ, ಯೂರಿಯಾ, ಆಮ್ಲಗಳ ಗಟ್ಟಿ ದ್ರಾವಣ. ಅದರಲ್ಲಿರುವ ಪೊಟ್ಯಾಸಿಯಮ್ ಸಾಮಾನ್ಯವಾಗಿ ರಕ್ತದಲ್ಲಿರುವುದಕ್ಕಿಂತ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು. ಇಂಥ ತೀಕ್ಷ್ಣವಾದ ನೀರನ್ನು ಮೂತ್ರಕೋಶವು ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆರೋಗ್ಯವಂತರಲ್ಲಿ 400ರಿಂದ 500 ಮಿಲಿಲೀಟರಿನವರೆಗೂ ತುಂಬುತ್ತದೆ. ಆದರೂ ನಮಗೆ ಉರಿಯುವುದಿಲ್ಲ. ಕಾರಣ, ಮೂತ್ರಕೋಶದ ಒಳಪೊರೆ. ದೇಹದಲ್ಲಿರುವ ಪೊರೆಗಳಲ್ಲೆಲ್ಲ ಬಹಳ ಬಿಗಿಯಾದವುಗಳಲ್ಲಿ ಇದೊಂದು.

ಈ ಪೊರೆಗೆ ಕಾವಲು ಎರಡು ಹಂತದ್ದು. ಪೊರೆಯ ಮೇಲ್ಸಾಲಿನಲ್ಲಿ ಕೊಡೆಯಂತೆ ಅಗಲವಾಗಿ ಹರಡಿದ ಜೀವಕೋಶಗಳಿವೆ. ಅವುಗಳನ್ನು ಕೊಡೆಕೋಶಗಳೆಂದೇ ಕರೆಯುತ್ತಾರೆ. ಒಂದಕ್ಕೊಂದು ಬಿಗಿಯಾಗಿ ಹೊಲಿದಂತೆ ಕೂಡಿಕೊಂಡಿರುವ ಇವುಗಳ ಮೈಮೇಲೆ ಯೂರೋಪ್ಲಾಕಿನ್ ಎಂಬ ಪ್ರೋಟೀನಿನ ಹಲ್ಲೆಗಳನ್ನು ಹಾಸಿದಂತಿದೆ. ಅದರ ಮೇಲೆ ಲೋಳೆಯಂಥ ತೆಳು ಲೇಪ. ಈ ಲೇಪದಲ್ಲಿರುವ ವಸ್ತುಗಳಿಗೆ ಗ್ಲೈಕೋಸಮಿನೋಗ್ಲೈಕಾನ್ ಎಂದು ಹೆಸರು, ಚಿಕ್ಕದಾಗಿ ಗ್ಯಾಗ್ ಲೇಪ ಎನ್ನುತ್ತಾರೆ. ನೀರನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವ ಈ ಲೇಪವು ಮೂತ್ರದ ಲವಣಗಳು ಜೀವಕೋಶಗಳನ್ನು ನೇರವಾಗಿ ಮುಟ್ಟದಂತೆ ತಡೆಯುತ್ತದೆ.

ಬಟ್ಟೆ ವ್ಯಾಪಾರದ ಬಂಧುಗಳಿಗೆ ಇದನ್ನು ಸುಲಭವಾಗಿ ಹೇಳಬಹುದು. ಮಗ್ಗದಿಂದ ಇಳಿದ ಕೋರಾ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ತಕ್ಷಣ ಹೀರುವುದಿಲ್ಲ, ಹನಿ ಮೇಲೆಯೇ ಕುಳಿತಿರುತ್ತದೆ. ಹತ್ತಿಯ ಎಳೆಗೆ ಹುಟ್ಟಿನಿಂದಲೇ ಇರುವ ಮೇಣದ ಅಂಶ ಅದಕ್ಕೆ ಕಾರಣ. ಅದೇ ಬಟ್ಟೆಯನ್ನು ಸೋಡಾ ಹಾಕಿ ಬೇಯಿಸಿ ತೊಳೆದ ಮೇಲೆ ಹನಿ ಬಿಟ್ಟರೆ ಕ್ಷಣದಲ್ಲಿ ಒಳಗಿಳಿಯುತ್ತದೆ. ನೂಲು ಅದೇ, ನೇಯ್ಗೆ ಅದೇ, ದೂರದಿಂದ ನೋಡಿದರೆ ಬಟ್ಟೆಯೂ ಅದೇ. ಹೋದದ್ದು ಕಣ್ಣಿಗೆ ಕಾಣದ ಮೇಣ ಮಾತ್ರ. ಮೂತ್ರಕೋಶದ ಒಳಪೊರೆಯ ಮೇಲಿನ ಲೇಪ ಸವೆದಾಗಲೂ ಹೀಗೆಯೇ. ಸ್ಕ್ಯಾನಿಂಗಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ, ಆದರೆ ಪೊರೆ ಜಿನುಗತೊಡಗಿರುತ್ತದೆ.

ಕಾವಲು ಸಡಿಲವಾದರೆ

ಈ ವಿಚಾರವನ್ನು ಪ್ರಯೋಗಗಳಿಂದ ಮುಂದಿಟ್ಟವರಲ್ಲಿ ಪ್ರಮುಖರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಡಾ. ಲೋವೆಲ್ ಪಾರ್ಸನ್ಸ್. ಅವರೂ ಅವರ ಸಂಗಡಿಗರೂ ಯೂರಿಯಾ ದ್ರಾವಣವನ್ನು ಮೂತ್ರಕೋಶಕ್ಕೆ ತುಂಬಿ, ಸ್ವಲ್ಪ ಹೊತ್ತಿನ ಮೇಲೆ ಹೊರತೆಗೆದು, ಎಷ್ಟು ಕಡಿಮೆಯಾಗಿದೆ ಎಂದು ಅಳೆದರು. 1991ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಆರೋಗ್ಯವಂತರಲ್ಲಿ ಒಳಸೇರಿದ್ದು ಸುಮಾರು ಶೇಕಡಾ 4, ಈ ಕಾಯಿಲೆಯವರಲ್ಲಿ ಸುಮಾರು ಶೇಕಡಾ 25. ಅದಕ್ಕೂ ಮೊದಲು, 1990ರಲ್ಲಿ, ಅವರು ಆರೋಗ್ಯವಂತ ಸ್ವಯಂಸೇವಕರ ಮೂತ್ರಕೋಶಕ್ಕೆ ಪ್ರೊಟಮೀನ್ ಎಂಬ ವಸ್ತುವನ್ನು ಹಾಕಿ ಮೇಲಿನ ಲೇಪವನ್ನು ನಿಷ್ಫಲಗೊಳಿಸಿ ನೋಡಿದ್ದರು. ಒಡನೆ ಪೊರೆ ಜಿನುಗತೊಡಗಿತು. ಅಲ್ಲಿಯವರೆಗೆ ಏನೂ ತೊಂದರೆ ಇಲ್ಲದಿದ್ದವರಿಗೆ ಉರಿಯೂ ಅವಸರವೂ ಕಾಣಿಸಿಕೊಂಡವು. ಲೇಪವನ್ನು ಹೋಲುವ ಹೆಪಾರಿನ್ ಎಂಬ ಔಷಧಿಯನ್ನು ಹಾಕಿದಾಗ ಜಿನುಗು ಮತ್ತೆ ತಗ್ಗಿತು.

ಜಿನುಗಿ ಒಳಹೋಗುವ ವಸ್ತುಗಳಲ್ಲಿ ಮುಖ್ಯ ತೊಂದರೆ ಕೊಡುವುದು ಪೊಟ್ಯಾಸಿಯಮ್ ಎಂಬುದು ಪಾರ್ಸನ್ಸ್ ಅವರ ಅಭಿಪ್ರಾಯ. ಪೊರೆಯ ಕೆಳಗೆ ನರಗಳ ತುದಿಗಳೂ ಸ್ನಾಯುವೂ ಇವೆ. ಪೊಟ್ಯಾಸಿಯಮ್ ತಾಗಿದೊಡನೆ ನರಗಳು ಕೆರಳುತ್ತವೆ, ಸ್ನಾಯು ಹಿಡಿದುಕೊಳ್ಳುತ್ತದೆ. ಕೆರಳಿದ ನರಗಳು ಸ್ರವಿಸುವ ರಸಗಳಿಂದ ಅಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮೀನ್ ಬಿಡುತ್ತವೆ. ಅದರಿಂದ ಉರಿಯೂತ, ಉರಿಯೂತದಿಂದ ಪೊರೆ ಇನ್ನಷ್ಟು ಸಡಿಲ. ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತಾ ವಿಷಚಕ್ರವಾಗುತ್ತದೆ. ಮೊದಲ ಪೆಟ್ಟು ಯಾವುದೋ ಹಳೆಯ ಸೋಂಕಿನಿಂದ ಬಿದ್ದಿರಬಹುದು. ಸೋಂಕು ವಾಸಿಯಾದ ಮೇಲೂ ಚಕ್ರ ತಿರುಗುತ್ತಲೇ ಇರಬಹುದು.

ಈಗ ನೆಗಮಂ ಎಳನೀರಿನ ವಿಷಯ ನೆನಪಿಸಿಕೊಳ್ಳಿ. ಎಳನೀರು ಪೊಟ್ಯಾಸಿಯಮ್ ಹೇರಳವಾಗಿರುವ ಪಾನೀಯ. ಒಂದು ಎಳನೀರಿನಲ್ಲಿ ಒಂದು ಬಾಳೆಹಣ್ಣಿಗಿಂತ ಹೆಚ್ಚೇ ಇರುವುದು ಸಾಮಾನ್ಯ. ಪೊರೆ ಬಿಗಿಯಾಗಿರುವವರಿಗೆ ಅದು ಒಳ್ಳೆಯದೇ, ಹೆಚ್ಚಾದುದು ಮೂತ್ರದಲ್ಲಿ ಸದ್ದಿಲ್ಲದೆ ಹೋಗುತ್ತದೆ. ಪೊರೆ ಜಿನುಗುವವರಿಗೆ ಅದೇ ಉರಿಯಾಗಬಹುದು. ಆ ದಿನದ ನೋವಿಗೆಲ್ಲ ಎಳನೀರೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಬೆಳಗಿನಿಂದ ನೀರು ಕುಡಿಯದೆ ಮೂತ್ರ ಗಟ್ಟಿಯಾಗಿತ್ತು, ಗಂಟೆಗಟ್ಟಲೆ ತಡೆದುಕೊಂಡದ್ದೂ ಆಗಿತ್ತು. ಆದರೆ ಹಿರಿಯಮ್ಮನ ಪ್ರೀತಿಯ ಉಪಚಾರ ಏಕೆ ತಿರುಗುಬಾಣವಾಯಿತೆಂಬುದು ನಮಗೆ ಅರ್ಥವಾದದ್ದು ಈ ವಿವರಣೆಯಿಂದ.

ಇದೊಂದೇ ಕಾರಣವೇ?

ಅಲ್ಲ. ಅನೇಕಾಂತದ ದೃಷ್ಟಿ ಇಲ್ಲಿಯೂ ಬೇಕಾಗುತ್ತದೆ. ಪಾರ್ಸನ್ಸ್ ಅವರು ಪೊಟ್ಯಾಸಿಯಮ್ ದ್ರಾವಣವನ್ನು ಮೂತ್ರಕೋಶಕ್ಕೆ ಹಾಕಿ ನೋವು ಬರುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ರೂಪಿಸಿದ್ದರು. ಈ ಕಾಯಿಲೆಯ ಹೆಚ್ಚಿನವರಲ್ಲಿ ನೋವು ಬಂತು, ಆದರೆ ಎಲ್ಲರಲ್ಲೂ ಬರಲಿಲ್ಲ. ಸೋಂಕು ಇದ್ದವರಿಗೂ, ಕ್ಯಾನ್ಸರಿಗೆಂದು ವಿಕಿರಣ ಚಿಕಿತ್ಸೆ ಪಡೆದವರಿಗೂ ಬಂತು. ಪರೀಕ್ಷೆಯೇ ನೋವಿನದು, ಖಚಿತತೆಯೂ ಕಡಿಮೆ. ಆದ್ದರಿಂದ ಈಗ ಅದನ್ನು ರೂಢಿಯಾಗಿ ಮಾಡಬೇಕೆಂದು ಮಾರ್ಗಸೂಚಿಗಳು ಹೇಳುವುದಿಲ್ಲ.

ಕೆಲವರಲ್ಲಿ ಪೊರೆಯ ದೋಷ ಮುಖ್ಯ. ಕೆಲವರಲ್ಲಿ ನರಗಳೇ ಅತಿ ಸೂಕ್ಷ್ಮವಾಗಿ, ಸಾಧಾರಣ ತುಂಬುವಿಕೆಯನ್ನೂ ನೋವೆಂದು ಮೆದುಳಿಗೆ ತಿಳಿಸುತ್ತವೆ. ಇನ್ನು ಕೆಲವರಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸದಾ ಬಿಗಿದುಕೊಂಡಿರುತ್ತವೆ. ಹಲವರಲ್ಲಿ ಮೂರೂ ಕೂಡಿರುತ್ತವೆ. ಆದ್ದರಿಂದಲೇ ಒಬ್ಬರಿಗೆ ನಾಟಿದ ಔಷಧಿ ಇನ್ನೊಬ್ಬರಿಗೆ ನಾಟುವುದಿಲ್ಲ. ಅಮೆರಿಕದ ಸಂಘ 2022ರಲ್ಲಿ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿದಾಗ, ಮೊದಲು ಇದು ಆಮೇಲೆ ಅದು ಎಂಬ ಮೆಟ್ಟಿಲುಕ್ರಮವನ್ನು ಕೈಬಿಟ್ಟು, ರೋಗಿಗೆ ತಕ್ಕಂತೆ ಚಿಕಿತ್ಸೆ ಆರಿಸಿಕೊಳ್ಳಿ ಎಂದು ಹೇಳಿತು.

ಅಡುಗೆಮನೆಯ ಪರೀಕ್ಷೆ

ಈ ಕಾಯಿಲೆಯವರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಮಂದಿಗೆ ಯಾವುದಾದರೊಂದು ಆಹಾರದಿಂದ ನೋವು ಹೆಚ್ಚುತ್ತದೆಂದು ಅಮೆರಿಕದಲ್ಲಿ ನಡೆದ 2007ರ ಸಮೀಕ್ಷೆಯೊಂದು ತಿಳಿಸಿತು. ಕಾಫಿ, ಚಹ, ನಿಂಬೆ-ಕಿತ್ತಳೆ ಜಾತಿಯ ಹಣ್ಣು, ಟೊಮೆಟೊ, ಖಾರ, ಸೋಡಾ ಪಾನೀಯ, ಕೃತಕ ಸಿಹಿ ಇವು ಮುಖ್ಯ ಆರೋಪಿಗಳು. ವಿನಿಗರ್ ಹಾಕಿದ ಉಪ್ಪಿನಕಾಯಿಯೂ ಈ ಪಟ್ಟಿಗೆ ಸೇರುತ್ತದೆ. ಆದರೆ ಎಲ್ಲವೂ ಎಲ್ಲರಿಗೂ ಆಗದು ಎಂದಲ್ಲ. ಪಟ್ಟಿಯಲ್ಲಿರುವುದನ್ನೆಲ್ಲ ಜೀವಮಾನಪರ್ಯಂತ ಬಿಟ್ಟು, ಸೊರಗಿ ಕೂರುವುದು ಸರಿಯಲ್ಲ.

ಕ್ರಮ ಹೀಗೆ. ಎರಡರಿಂದ ನಾಲ್ಕು ವಾರ ಇವನ್ನೆಲ್ಲ ಒಟ್ಟಿಗೆ ಬಿಟ್ಟು ಸಪ್ಪೆ ಊಟ ಮಾಡಬೇಕು. ನೋವು ಕಡಿಮೆಯಾದರೆ, ಒಂದೊಂದನ್ನೇ ಸೇರಿಸಿ ಮೂರು ದಿನ ನೋಡಬೇಕು. ನಮ್ಮ ಅಂಗಡಿಯ ರೋಜುಮೇಳದಂತೆ ದಿನವೂ ಬರೆದಿಡಬೇಕು: ಏನು ತಿಂದದ್ದು, ಎಷ್ಟು ನೀರು ಕುಡಿದದ್ದು, ಎಷ್ಟು ಸಲ ಹೋದದ್ದು, ನೋವು ಹತ್ತಕ್ಕೆ ಎಷ್ಟು. ಅತ್ತಿಗೆಯವರು ಅಣ್ಣನವರಿಂದ ಹಳೆಯ ಲೆಕ್ಕದ ಪುಸ್ತಕವೊಂದನ್ನು ಪಡೆದು ಹೀಗೆಯೇ ಬರೆದರು. ಅವರಿಗೆ ಆಗದವು ಕಾಫಿ, ಟೊಮೆಟೊ ಸಾರು, ಎಳನೀರು. ಮೂರು ಬಾರಿ ಪರೀಕ್ಷಿಸಿದರೂ ಎಳನೀರಿನಿಂದ ನೋವು ಏರಿತು. ಹುಣಿಸೆಹುಳಿ ಸ್ವಲ್ಪವಾದರೆ ಏನೂ ಆಗಲಿಲ್ಲ. ಮಜ್ಜಿಗೆಯೂ ಆಗಿಬಂತು. ಬೇರೆಯವರ ಪುಸ್ತಕದಲ್ಲಿ ಬೇರೆಯೇ ಬರೆದಿರಬಹುದು.

ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸುಗಳಿಲ್ಲದ ನಮ್ಮ ಅಡುಗೆಯಲ್ಲಿ ರುಚಿಯ ಭಾರವೆಲ್ಲ ಹುಳಿ-ಖಾರಗಳ ಮೇಲೆ ಬಿದ್ದಿರುತ್ತದೆ. ಅದನ್ನು ಇಳಿಸಲು ಗೃಹಿಣಿಯರಿಗೆ ಕಷ್ಟವೇ. ಹೆಸರುಬೇಳೆ ತೊವ್ವೆ, ಸೋರೆಕಾಯಿ, ಪಡವಲಕಾಯಿ, ಹೀರೆಕಾಯಿ, ಅಕ್ಕಿ, ತುಪ್ಪ, ಜೀರಿಗೆ ಇವು ಹೆಚ್ಚಿನವರಿಗೆ ಆಗಿಬರುತ್ತವೆ. ಆಯಂಬಿಲ ಮಾಡುವ ಮನೆಗಳಲ್ಲಿ ಸಪ್ಪೆ ಅಡುಗೆಯ ಅಭ್ಯಾಸ ಮೊದಲೇ ಇರುವುದರಿಂದ ಇದು ಸುಲಭ. ಮನೆಮಂದಿಗೆ ಒಂದು, ರೋಗಿಗೆ ಒಂದು ಎಂದು ಬೇರೆ ಮಾಡದೆ, ಆ ನಾಲ್ಕು ವಾರ ಎಲ್ಲರೂ ಅದನ್ನೇ ಉಂಡರೆ ಅವರ ಮನಸ್ಸಿಗೂ ಹಿತ.

ವ್ರತ ನಿಯಮಗಳ ಪ್ರಶ್ನೆ

ಇಲ್ಲಿ ನಮ್ಮ ಕುಟುಂಬಗಳಿಗೇ ವಿಶೇಷವಾದ ಒಂದು ಇಕ್ಕಟ್ಟಿದೆ. ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಜಿನುಗುವ ಪೊರೆಗೆ ಉರಿ ಹೆಚ್ಚು. ಮೂತ್ರಕ್ಕೆ ಹೋಗಬೇಕಾದೀತೆಂಬ ಭಯಕ್ಕೆ ನೀರನ್ನೇ ಬಿಡುವುದು ಈ ರೋಗಿಗಳ ಸಾಮಾನ್ಯ ತಪ್ಪು. ಹಾಗೆಂದು ಒಮ್ಮೆಗೇ ಲೀಟರುಗಟ್ಟಲೆ ಕುಡಿದರೆ ಕೋಶ ಬೇಗ ತುಂಬಿ ನೋವೇಳುತ್ತದೆ. ಬೆಳಗಿನಿಂದ ಸಂಜೆಯವರೆಗೆ ಸ್ವಲ್ಪ ಸ್ವಲ್ಪವಾಗಿ ಕುಡಿಯುವುದೇ ಸರಿ.

ಸೂರ್ಯಾಸ್ತದ ನಂತರ ನೀರನ್ನೂ ಬಿಡುವ ನಿಯಮ ಹಿಡಿದವರು ಹಗಲಿನಲ್ಲಿ, ಗಂಟೆಗೊಂದು ಲೋಟದಂತೆ, ಕಾಯಿಸಿ ಆರಿಸಿದ ನೀರನ್ನು ತಪ್ಪದೆ ಕುಡಿದರೆ ನಿಯಮವನ್ನೂ ಉಳಿಸಿಕೊಳ್ಳಬಹುದು, ರಾತ್ರಿ ಏಳುವುದೂ ಕಡಿಮೆಯಾಗಬಹುದು. ಆದರೆ ಪರ್ವದ ದಿನಗಳ ನಿರ್ಜಲ ಉಪವಾಸ ಈ ಕಾಯಿಲೆ ಉಲ್ಬಣಿಸಿರುವಾಗ ಬೇಡ. ಉಪವಾಸದಿಂದ ಕಾಯಿಲೆ ಬರುತ್ತದೆಂದು ನಾವು ಹೇಳುತ್ತಿಲ್ಲ, ಇರುವ ಉರಿ ಹೆಚ್ಚುತ್ತದೆ ಎನ್ನುತ್ತಿದ್ದೇವೆ. ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿತಸ್ತಪ, ಅಂದರೆ ಶಕ್ತಿಯಿದ್ದಷ್ಟು ತಪಸ್ಸು. ಶಕ್ತಿಗೆ ಮೀರಿ ಮಾಡಿ ಆರ್ತಧ್ಯಾನದಲ್ಲಿ ಮುಳುಗುವುದಕ್ಕಿಂತ, ಗುರುಗಳಲ್ಲಿ ನಿಜಸ್ಥಿತಿಯನ್ನು ನಿವೇದಿಸಿಕೊಂಡು ಏಕಾಶನವನ್ನೋ ರಸತ್ಯಾಗವನ್ನೋ ಹಿಡಿಯುವುದು ಮೇಲು. ಅತ್ತಿಗೆಯವರು ಎರಡು ವರ್ಷ ದಶಲಕ್ಷಣ ಪರ್ವದಲ್ಲಿ ಹಾಗೆಯೇ ಮಾಡಿದರು. ಬಂಧುಗಳಲ್ಲಿ ಯಾರೋ ಒಬ್ಬರು ಅದಕ್ಕೆ ಕೊಂಕು ನುಡಿದರು. ನುಡಿದವರಿಗೆ ಕಾರಣ ಗೊತ್ತಿರಲಿಲ್ಲ. ನಾವು ಈ ಲೇಖನ ಬರೆಯಲು ಅದೂ ಒಂದು ಪ್ರೇರಣೆ.

ಔಷಧಿಗಳೂ ಅಹಿಂಸೆಯೂ

ಸವೆದ ಲೇಪವನ್ನು ಹೊರಗಿನಿಂದ ತುಂಬಿಕೊಡಬಹುದೇ ಎಂಬ ಯೋಚನೆಯಿಂದ ಹಲವು ಔಷಧಿಗಳು ಬಂದಿವೆ. ಅವು ಯಾವುದರಿಂದ ತಯಾರಾಗುತ್ತವೆ ಎಂಬುದನ್ನು ನಮ್ಮವರು ಕೇಳಿಯೇ ಕೇಳುತ್ತಾರೆ. ತಿಳಿದದ್ದನ್ನು ಹೇಳುತ್ತೇವೆ.

ಬಾಯಿಂದ ನುಂಗುವುದು ಪೆಂಟೋಸಾನ್ ಪಾಲಿಸಲ್ಫೇಟ್. ಇದನ್ನು ಬೀಚ್ ಎಂಬ ಮರದ ಅಂಶದಿಂದ ತಯಾರಿಸುತ್ತಾರೆ, ಪ್ರಾಣಿಜನ್ಯವಲ್ಲ. ಆದರೆ ಅದನ್ನು ತುಂಬುವ ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್ ಆಗಿರಬಹುದು. ಜೆಲಟಿನ್ ಪ್ರಾಣಿಯ ಮೂಳೆ, ಚರ್ಮಗಳಿಂದ ಬರುವಂಥದು. ಅಮೆರಿಕದಲ್ಲಿ 1996ರಲ್ಲಿ ಮಾನ್ಯತೆ ಪಡೆದ ಈ ಔಷಧಿಯಲ್ಲಿ ನುಂಗಿದ್ದರ ಅತಿ ಅಲ್ಪ ಭಾಗ ಮಾತ್ರ ಮೂತ್ರಕ್ಕೆ ತಲುಪುತ್ತದೆ. ಕೆಲವರಿಗೆ ತಿಂಗಳುಗಳ ಮೇಲೆ ಗುಣ ಕಂಡಿದೆ. ಆದರೆ 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅದು ಬರಿ ಹುಸಿಮಾತ್ರೆಗಿಂತ ಮೇಲೆಂದು ಕಾಣಲಿಲ್ಲ. ದೀರ್ಘಕಾಲ ನುಂಗಿದವರಲ್ಲಿ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾದ ಪ್ರಕರಣಗಳು 2018ರಿಂದ ವರದಿಯಾಗಿವೆ. ಹೀಗಾಗಿ ಆರಂಭಿಸುವ ಮೊದಲೂ, ನುಂಗುತ್ತಿರುವಾಗ ಆಗಾಗಲೂ ಕಣ್ಣಿನ ತಜ್ಞರಿಗೆ ತೋರಿಸಲೇಬೇಕು.

ನಳಿಕೆಯ ಮೂಲಕ ನೇರವಾಗಿ ಮೂತ್ರಕೋಶಕ್ಕೆ ಹಾಕುವವು ಹೆಪಾರಿನ್, ಕಾಂಡ್ರಾಯಿಟಿನ್ ಸಲ್ಫೇಟ್, ಹಯಲುರಾನಿಕ್ ಆಮ್ಲ ಮೊದಲಾದವು. ಹೆಪಾರಿನ್ ಸಾಮಾನ್ಯವಾಗಿ ಹಂದಿಯ ಕರುಳಿನಿಂದ ಬರುತ್ತದೆ. ಕಾಂಡ್ರಾಯಿಟಿನ್ ದನ, ಮೀನು ಮುಂತಾದವುಗಳ ಮೃದ್ವಸ್ಥಿಯಿಂದ. ಹಯಲುರಾನಿಕ್ ಆಮ್ಲವನ್ನು ಹಿಂದೆ ಕೋಳಿಯ ಜುಟ್ಟಿನಿಂದ ತೆಗೆಯುತ್ತಿದ್ದರು, ಈಗ ಹೆಚ್ಚಾಗಿ ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಾಗುತ್ತದೆ. ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದು ಆಯಾ ಕುಟುಂಬದ, ಆಯಾ ವ್ಯಕ್ತಿಯ ವಿವೇಕಕ್ಕೆ ಬಿಟ್ಟದ್ದು. ಚಿಕಿತ್ಸೆ ಆರಂಭವಾಗುವ ಮೊದಲೇ ವೈದ್ಯರನ್ನು ನೇರವಾಗಿ ಕೇಳಿರಿ. ಪರ್ಯಾಯ ಇದ್ದರೆ ಅವರು ಸೂಚಿಸುತ್ತಾರೆ. ಅರ್ಧಕ್ಕೆ ತಾವಾಗಿಯೇ ನಿಲ್ಲಿಸುವುದು ಬೇಡ.

ಪೊರೆಗಲ್ಲದೆ ನರಗಳಿಗೆಂದು ಕೊಡುವ ಔಷಧಿಯೂ ಇದೆ. ಅಮಿಟ್ರಿಪ್ಟಿಲೀನ್ ಎಂಬ ಮಾತ್ರೆಯನ್ನು ರಾತ್ರಿ ಹೊತ್ತು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಇದು ಖಿನ್ನತೆಯ ಔಷಧಿಯೆಂದು ಪೆಟ್ಟಿಗೆಯ ಚೀಟಿಯಲ್ಲಿ ಓದಿ ಹಲವರು ಗಾಬರಿಯಾಗುತ್ತಾರೆ. ನೋವಿನ ಸಂದೇಶವನ್ನು ತಗ್ಗಿಸುವ ಗುಣ ಅದಕ್ಕಿರುವುದರಿಂದ ಇಲ್ಲಿ ಕೊಡುವುದೇ ಹೊರತು ರೋಗಿಗೆ ಮನೋರೋಗವೆಂದಲ್ಲ. ಹನ್ನರ್ ಹುಣ್ಣು ಇದ್ದವರಿಗೆ ಅದನ್ನು ದುರ್ಬೀನಿನ ಮೂಲಕ ಸುಟ್ಟರೆ ಒಳ್ಳೆಯ ಉಪಶಮನ ಸಿಗುತ್ತದೆ. ಸ್ನಾಯು ಬಿಗಿದವರಿಗೆ ತಿಳಿದ ಫಿಸಿಯೋಥೆರಪಿಸ್ಟರಿಂದ ಸಡಿಲಿಸುವ ಚಿಕಿತ್ಸೆ ಉಂಟು. ಆದರೆ ಸ್ನಾಯುವನ್ನು ಬಿಗಿಹಿಡಿದು ಬಲಪಡಿಸುವ ವ್ಯಾಯಾಮಗಳು ಇವರಿಗೆ ಸಲ್ಲವು, ನೋವನ್ನೇ ಹೆಚ್ಚಿಸುತ್ತವೆ.

ಯಾವಾಗ ತಡಮಾಡಬಾರದು

ಮೂತ್ರದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು ಇವು ಕಂಡರೆ ಕೂಡಲೇ ತಜ್ಞರನ್ನು ಕಾಣಬೇಕು. ನಮ್ಮ ದೇಶದಲ್ಲಿ ಮೂತ್ರಾಂಗದ ಕ್ಷಯರೋಗವನ್ನು ಮರೆಯುವಂತಿಲ್ಲ. ಪದೇ ಪದೇ ಮೂತ್ರ, ಮೂತ್ರದಲ್ಲಿ ಕೀವುಕಣ, ಆದರೆ ಸಾಧಾರಣ ಕಲ್ಚರಿನಲ್ಲಿ ಕ್ರಿಮಿ ಇಲ್ಲ ಎಂದಾಗ ಅದಕ್ಕೆಂದೇ ಇರುವ ಪರೀಕ್ಷೆ ಮಾಡಿಸಬೇಕು. ಕಲ್ಲು, ಗಡ್ಡೆ, ಮಧುಮೇಹಗಳನ್ನೂ ತಳ್ಳಿಹಾಕಬೇಕು. ಇವೆಲ್ಲ ಇಲ್ಲವೆಂದಾದ ಮೇಲೆಯೇ ನಾವು ಹೇಳಿದ ಕಾಯಿಲೆಯ ಮಾತು. ಕಲ್ಚರ್ ಮಾಡಿಸದೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವುದನ್ನು ಮಾತ್ರ ಇಂದೇ ನಿಲ್ಲಿಸಿರಿ. ಕ್ರಿಮಿಯೇ ಇಲ್ಲದ ಕಡೆ ಅದರಿಂದ ಲಾಭವಿಲ್ಲ, ಹಾನಿ ಉಂಟು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆಯಲ್ಲೂ, ದೊಡ್ಡ ವೈದ್ಯಕೀಯ ಕಾಲೇಜುಗಳ ಮೂತ್ರರೋಗ ವಿಭಾಗಗಳಲ್ಲೂ ತಜ್ಞರು ದೊರೆಯುತ್ತಾರೆ. ಹೋಗುವಾಗ ಮೇಲೆ ಹೇಳಿದ ದಿನಚರಿಯ ಪುಸ್ತಕ ಕೈಯಲ್ಲಿರಲಿ. ವೈದ್ಯರಿಗೆ ಅದು ಹತ್ತು ವರದಿಗಳಿಗಿಂತ ಹೆಚ್ಚು ತಿಳಿಸುತ್ತದೆ.

ಮನೆಯವರ ಪಾಲು

ಅತ್ತಿಗೆಯವರು ಪೂರ್ತಿ ಗುಣವಾದರೆಂದು ನಾವು ಬರೆಯಲಾರೆವು. ಈ ಕಾಯಿಲೆ ಹೆಚ್ಚಿನವರಲ್ಲಿ ಹತೋಟಿಗೆ ಬರುವಂಥದು, ನಡುನಡುವೆ ತಲೆಯೆತ್ತುವಂಥದು. ಈಗ ಅವರು ರಾತ್ರಿ ಒಂದೆರಡು ಸಲ ಏಳುತ್ತಾರೆ. ಬಸದಿಗೆ ಹೋಗಿ ಸ್ವಾಧ್ಯಾಯಕ್ಕೆ ಕೂರುತ್ತಾರೆ, ಬಾಗಿಲ ಬಳಿಯ ಜಾಗ ಅವರಿಗೆಂದೇ ಬಿಟ್ಟಿರುತ್ತಾರೆ. ಕಳೆದ ವರ್ಷ ಮತ್ತೆ ನಮ್ಮೊಂದಿಗೆ ನೆಗಮಂಗೆ ಬಂದರು. ಘಟ್ಟ ಇಳಿಯುವ ಮೊದಲು ಒಮ್ಮೆ, ಇಳಿದ ಮೇಲೆ ಸತ್ಯಮಂಗಲದಲ್ಲಿ ಒಮ್ಮೆ, ಅವರು ಕೇಳುವ ಮೊದಲೇ ಗಾಡಿ ನಿಲ್ಲಿಸಿದೆವು. ಹಿರಿಯಮ್ಮ ಎಂದಿನಂತೆ ಎಳನೀರು ತರಿಸಿದರು. ಅತ್ತಿಗೆಯವರು ನಗುತ್ತಾ, “ನನಗೆ ಒಂದು ಲೋಟ ಬಿಸಿನೀರು ಸಾಕು ಅಮ್ಮಾ” ಎಂದು ಕಾರಣವನ್ನೂ ಹೇಳಿದರು. ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಆ ಮನೆಯ ಸೊಸೆ ಕೆಲಸ ನಿಲ್ಲಿಸಿ ಕೇಳಿಸಿಕೊಂಡಳು. ನಾವು ಸೀರೆ ಆರಿಸಿ ಮುಗಿಸುವ ಹೊತ್ತಿಗೆ ಇಬ್ಬರೂ ಒಳಕೋಣೆಯಲ್ಲಿ ಕುಳಿತು ಮೆಲುದನಿಯಲ್ಲಿ ಮಾತನಾಡುತ್ತಿದ್ದರು.

ವಾಚಕ ಬಂಧುಗಳೇ, ನಿಮ್ಮ ಮನೆಯಲ್ಲೂ ಪ್ರಯಾಣಕ್ಕೆ ಕರೆದರೆ ನೆಪ ಹೇಳುವ, ಊಟದಲ್ಲಿ ಮೌನವಾಗಿ ಕೆಲವನ್ನು ಸರಿಸುವ, ರಾತ್ರಿ ಪದೇ ಪದೇ ದೀಪ ಹಾಕುವ ತಾಯಿಯೋ ಸೊಸೆಯೋ ಇರಬಹುದು. ವರದಿ ಸರಿಯಾಗಿದೆ ಎಂದು ಅವರ ಬಾಯಿ ಮುಚ್ಚಿಸಬೇಡಿ. ಕುಳಿತು ಕೇಳಿರಿ, ಜೊತೆಯಲ್ಲಿ ತಜ್ಞರ ಬಳಿಗೆ ಹೋಗಿರಿ. ಪರರ ನೋವನ್ನು ನಂಬುವುದೂ ಅಹಿ೦ಸೆಯ ಒಂದು ಭಾಗವೆಂದು ನಾವು ತಿಳಿದಿದ್ದೇವೆ. ಸರ್ವರಿಗೂ ಆರೋಗ್ಯವುಂಟಾಗಲಿ.